ಆಚೆ ದಡಕ್ಕೆ ಕೇಳುವ ಹಾಗೆ

ನಮ್ಮ ಮನೆಯ ಬಾಗಿಲು ಬಡಿಯುವವರು ಕಡಿಮೆ. ಕರೆಗಂಟೆಯ ತಂತಿಯನ್ನು ಅಕ್ಕ ಎಂದೋ ಕಿತ್ತುಹಾಕಿದ್ದಳು. ಗೊತ್ತಿದ್ದವರು ಒಂದು ಬೆರಳಿನಿಂದ ಮೆಲ್ಲಗೆ ತಟ್ಟಿ ಕಾಯುತ್ತಿದ್ದರು. ಗೊತ್ತಿಲ್ಲದವರು ಸತ್ತ ಗಂಟೆಯನ್ನು ಒತ್ತೀ ಒತ್ತೀ ಬೇಸತ್ತು ಹೋಗುತ್ತಿದ್ದರು. ಆ ಸಂಜೆ ಬಂದವಳು ಮಾತ್ರ ಮುಷ್ಟಿ ಕಟ್ಟಿ, ಬಾಗಿಲು ಮುರಿದು ಬೀಳಲಿ ಎಂಬಂತೆ ಗುದ್ದಿದಳು. ಅಕ್ಕ ಮರದ ಸೌಟು ಹಿಡಿದೇ ಓಡಿದಳು. ಬಂದವರು ಯಾರು ಅನ್ನುವುದು ಅವಳಿಗೆ ಬೇಕಿರಲಿಲ್ಲ, ಸದ್ದು ನಿಂತರೆ ಸಾಕಿತ್ತು.

ಬಂದವಳು ಬೀದಿ ಕೊನೆಯಲ್ಲಿ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡಿರುವ ಹೆಂಗಸು. ಯಾರದೋ ಅರ್ಧ ತಲೆ ಕತ್ತರಿಸಿ ಬಿಟ್ಟು ಬಂದಿದ್ದಳೋ ಏನೋ, ಸೊಂಟದ ಚೀಲದಲ್ಲಿ ಕತ್ತರಿ ಹಾಗೇ ಇತ್ತು, ತೋಳಿನ ತುಂಬಾ ಕೂದಲ ಚೂರು.

"ಎಲ್ಲಿ ನಿಮ್ಮನೆ ಮೂಗಿ? ಹೊರಗೆ ಕರೀರಿ ಅವಳನ್ನ!"

"ಶ್! ಮೆತ್ತಗೆ ಮಾತಾಡಿ. ನನ್ನ ತಂಗಿಗೆ ತಲೆನೋವು."

"ತಲೆನೋವಾ? ನನ್ನ ಮಗನ ಎದೆ ತುಂಬಾ ಈಜುಕೊಳದ ನೀರು ತುಂಬಿತ್ತು, ಇವಳಿಗೆ ತಲೆನೋವಂತೆ!"

ನನಗೆ ಆ ಹೊತ್ತಿನಲ್ಲಿ ತಲೆನೋವು ಇರಲೇ ಇಲ್ಲ. ಬೆಳಿಗ್ಗೆ ನನ್ನ ಎಡಗಣ್ಣು ಸಣ್ಣಗೆ ಕಾಣುತ್ತಿದೆ ಎಂದು ಅಕ್ಕನೇ ತೀರ್ಮಾನ ಮಾಡಿ, ಪರದೆ ಎಳೆದು ನನ್ನನ್ನು ಮಲಗಿಸಿದ್ದಳು. ರಜೆಯ ದಿನ ಬೇರೆ, ವಾದ ಮಾಡುವ ಚೈತನ್ಯವಿಲ್ಲದೆ ಮಲಗಿದ್ದೆ. ಗಲಾಟೆ ಕೇಳಿ ಎದ್ದು ಹೊರಗೆ ಬಂದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ಅರೆತಲೆನೋವು ಸುಳ್ಳಲ್ಲ. "ಎಲ್ಲರಿಗೂ ಬರುತ್ತೆ ಬಿಡಿ" ಎನ್ನುವವರಿದ್ದಾರಲ್ಲ, ಅವರ ಬಾಯಿಗೆ ಮಣ್ಣು ಹಾಕ. ಬಂದಾಗ ಮೊದಲು ಕಣ್ಣ ಮುಂದೆ ಅಂಕುಡೊಂಕು ಬೆಳಕಿನ ಗೆರೆ ಕುಣಿಯುತ್ತದೆ, ಆಮೇಲೆ ಎಡಗಣ್ಣಿನ ಹಿಂದೆ ಯಾರೋ ಕೂತು ಮೊಳೆ ಹೊಡೆಯುತ್ತಾರೆ, ಆಮೇಲೆ ವಾಂತಿ. ಮಾತ್ರೆ ನುಂಗಿದರೆ ಒಮ್ಮೊಮ್ಮೆ ಕೇಳುತ್ತದೆ, ಒಮ್ಮೊಮ್ಮೆ ಇಲ್ಲ. ಇದು ಖಂಡಿತ ನಿಜ. ಆದರೆ ಇದು ಬರದೇ ಇರುವ ದಿನಗಳೇ ಹೆಚ್ಚು, ಆ ದಿನಗಳನ್ನೂ ನಮ್ಮ ಮನೆಯಲ್ಲಿ ಇದಕ್ಕೇ ಬರೆದುಕೊಟ್ಟಾಗಿತ್ತು.

ಅಕ್ಕ ಬದುಕಿಡೀ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು. ಜನರಿಗೆ "ಶ್" ಅಂದೂ ಅಂದೂ ನಿವೃತ್ತಿಯಾಗಿ ನಮ್ಮ ಮನೆಗೆ ಬಂದಳು. ಬಂದವಳಿಗೆ ಸುಮ್ಮನಿರಿಸುವುದಕ್ಕೆ ಯಾರಾದರೂ ಬೇಕಲ್ಲ. ಕುರ್ಚಿಗಳ ಕಾಲಿಗೆ ರಬ್ಬರಿನ ಬೂಟು ಹಾಕಿದಳು. ಸ್ಟೀಲಿನ ಪಾತ್ರೆಗಳನ್ನೆಲ್ಲ ಅಟ್ಟಕ್ಕೆ ಏರಿಸಿದಳು. ಬಾಯಲ್ಲಿ ಹೇಳುವುದೂ ಸದ್ದೇ ಎಂದು ಕೈಸನ್ನೆ ಕಲಿಸಿದಳು: ಒಂದು ಬೆರಳು ಎತ್ತಿದರೆ ನನಗೆ ತಲೆನೋವು ಬರುವ ಹಾಗಿದೆ, ಎರಡು ಅಂದರೆ ಬಂದಿದೆ, ಮೂರು ಅಂದರೆ ಬಕೆಟ್ಟು ತೆಗೆದುಕೊಂಡು ಓಡು. ನನ್ನ ಮಗಳು ಗುಬ್ಬಿ ಅಕ್ಷರ ಕಲಿಯುವ ಮೊದಲು ಈ ಬೆರಳು ಕಲಿತಳು. ಇನ್ನು ನನ್ನ ಗಂಡ ಬಸ್ಸಿನ ಡ್ರೈವರ್. ದಿನವಿಡೀ ಊರಿಗೆಲ್ಲ ಹಾರ್ನ್ ಹೊಡೆಯುವ ಗಂಡುಗಲಿ ಮನೆಗೆ ಬಂದ ಕೂಡಲೇ ಬೆಕ್ಕು. ಸೀನು ಬಂದರೂ ದಿಂಬಿಗೆ ಮುಖ ಒತ್ತಿಕೊಂಡು ಸೀನುತ್ತಿದ್ದ.

"ಏನಾಯ್ತು ಹೇಳಿ," ಅಂದೆ ನಾನು.

"ಏನಾಯ್ತಾ? ಈಜು ಕ್ಲಾಸಲ್ಲಿ ನನ್ನ ಮಗನಿಗೆ ನಿಮ್ಮ ಮಗಳೇ ಜೋಡಿ. ಜೋಡಿ ಅಂದ್ರೆ ಏನು ಗೊತ್ತಾ? ಒಬ್ರು ನೀರಲ್ಲಿದ್ರೆ ಇನ್ನೊಬ್ರು ಕಣ್ಣಿಟ್ಟು ನೋಡ್ತಿರಬೇಕು, ಮುಳುಗಿದ್ರೆ ಕೂಗಬೇಕು. ಕಾಲು ಸೆಳೆತ ಬಂದು ನನ್ನ ಮಗ ಮುಳುಗ್ತಿದ್ದಾನೆ, ನಿಮ್ಮ ಮಗಳು ಏನ್ ಮಾಡಿದ್ಲು ಗೊತ್ತಾ? ಕೂಗಲಿಲ್ಲ. ಓಡಲೂ ಇಲ್ಲ! ತುದಿಗಾಲಲ್ಲಿ ಕೊಳ ಪೂರ್ತಿ ಸುತ್ತಿ ಹೋಗಿ, ಟೀಚರ್ ಅಂಗಿ ಜಗ್ಗಿ, ಮೂರು ಬೆರಳು ತೋರಿಸಿದ್ಲಂತೆ! ಮೂರು ಬೆರಳು! ಏನ್ರೀ ಅದು, ಹರಾಜಾ?"

ಹೊಸ್ತಿಲು ದಾಟಿ ಅವಳ ಮುಂದೆ ನಿಂತೆ. "ಹುಡುಗ ಹೇಗಿದ್ದಾನೆ?"

"ಬದುಕಿದ್ದಾನೆ. ನಿಮ್ಮ ಪುಣ್ಯ ಅಲ್ಲ, ನಮ್ಮದು. ಆಸ್ಪತ್ರೇಲಿ ಮಲಗಿಸಿಕೊಂಡಿದ್ದಾರೆ. ಬಾಯಿದ್ದವರು ಬರಗಾಲದಲ್ಲೂ ಬದುಕ್ತಾರೆ ಅಂತಾರೆ. ಈ ಬಾಯಿಸತ್ತವಳನ್ನ ನಂಬಿ ನನ್ನ ಮಗ ಸಾಯ್ತಿದ್ದ. ಇವಳನ್ನ ಇನ್ನು ಆ ನೀರಿನ ಹತ್ರ ಕಂಡ್ರೆ ನಾನು ಸುಮ್ನಿರಲ್ಲ, ಹೇಳಿದೀನಿ!"

ಹೋಗುವಾಗ ಬಾಗಿಲನ್ನು ಧಡಾರೆಂದು ಎಳೆದುಕೊಂಡು ಹೋದಳು. ಅಕ್ಕ ತಿರುಗಿ ನನ್ನ ಹಣೆ ಮುಟ್ಟಿದಳು. "ಬರ್ತಿದೆಯಾ?" ಅಂದಳು. ಮಗುವೊಂದು ಸತ್ತೇ ಹೋಗುತ್ತಿತ್ತು, ಇವಳಿಗೆ ನನ್ನ ಹಣೆಯ ಚಿಂತೆ. ಕೈ ತಳ್ಳಿಬಿಟ್ಟೆ.

ಗುಬ್ಬಿ ಒಳಕೋಣೆಯಲ್ಲಿ ಒದ್ದೆ ಈಜುಡುಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹತ್ತು ವರ್ಷದ ಹುಡುಗಿ. ಶಾಲೆಯಿಂದ ಹಿಂದೆಯೂ ಮಾತು ಬಂದಿತ್ತು: ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಹೇಳುವುದಿಲ್ಲ, ಹೇಳಿದರೂ ಮುಂದಿನ ಸಾಲಿಗೇ ಕೇಳುವುದಿಲ್ಲ ಎಂದು. ನಾವು ಅದನ್ನು ಒಳ್ಳೆಯ ಗುಣ ಅಂದುಕೊಂಡಿದ್ದೆವು. "ಎಷ್ಟು ಸಾಧು ಮಗು" ಎಂದು ನೆಂಟರು ಹೊಗಳುತ್ತಿದ್ದರು, ನಾವು ಬೀಗುತ್ತಿದ್ದೆವು.

"ಯಾಕೆ ಕೂಗಲಿಲ್ಲ, ಗುಬ್ಬಿ?"

ತುಟಿ ಅಲ್ಲಾಡಿತು. ಬಗ್ಗಿ ಕಿವಿ ಕೊಟ್ಟೆ.

"ಅಲ್ಲಿ ತುಂಬಾ ಜನ ಇದ್ರು. ಕೂಗಿದ್ರೆ ಯಾರಿಗಾದ್ರೂ ತಲೆ ನೋಯಲ್ವಾ?"

ಯಾರನ್ನಾದರೂ ಹಿಡಿದು ಹೊಡೆಯಬೇಕು ಅನ್ನಿಸಿತು, ಯಾರನ್ನು ಎಂದು ಗೊತ್ತಾಗಲಿಲ್ಲ.

ಮರುದಿನ ಕೆಲಸದಿಂದ ಬರುವಾಗ ಈಜುಕೊಳಕ್ಕೆ ಹೋದೆ. ಕಲಿಸುವವಳಿಗೆ ಮಕ್ಕಳು ಪೀಪಿ ಟೀಚರ್ ಅನ್ನುತ್ತಾರೆ, ಕೊರಳಲ್ಲಿ ಸದಾ ಪೀಪಿ ಇರುವುದರಿಂದ. ಗಟ್ಟಿಮುಟ್ಟಾದ ಹೆಂಗಸು. ನನ್ನನ್ನು ಕೂರಿ ಎಂದೂ ಅನ್ನಲಿಲ್ಲ.

"ಈಜೋದ್ರಲ್ಲಿ ನಿಮ್ಮ ಮಗಳ ಸಮ ಇಲ್ಲಿ ಯಾರೂ ಇಲ್ಲ," ಅಂದಳು. "ಅದಕ್ಕೇ ಹೊಟ್ಟೆ ಉರಿಯೋದು. ಬರೋ ಶನಿವಾರ ಅವಳು ಆಚೆ ದಡದಲ್ಲಿ ನಿಂತು ಕೂಗಬೇಕು. ಏನು ಬೇಕಾದ್ರೂ ಕೂಗಲಿ, ಈಚೆ ದಡದಲ್ಲಿ ನನ್ನ ಕಿವಿಗೆ ಬಿದ್ರೆ ಸಾಕು. ಇಲ್ಲಾಂದ್ರೆ ನೀರಿಗೆ ಇಳಿಸಲ್ಲ."

"ಅವಳಿಗೆ ಇರೋದು ಇದೊಂದೇ ಖುಷಿ," ಅಂದೆ.

"ಖುಷಿ ಮಾತು ಬಿಡಿ. ನಿನ್ನೆ ಪಕ್ಕದ ಹುಡುಗ ಮುಳುಗಿದ. ನಾಳೆ ಇವಳೇ ಮುಳುಗ್ತಾಳೆ. ಅಥವಾ ದಾರೀಲಿ ಯಾವನೋ ಕೈ ಹಿಡಿದು ಎಳೀತಾನೆ. ಆಗ ಬೆರಳು ತೋರಿಸ್ತಾಳಾ?"

ಆ ಮಾತು ದಾರಿಯುದ್ದಕ್ಕೂ ನನ್ನ ಜೊತೆಗೇ ನಡೆದು ಬಂತು. ಮನೆಗೆ ಬಂದವಳೇ ಗುಬ್ಬಿಯನ್ನು ನಡುಮನೆಯಲ್ಲಿ ನಿಲ್ಲಿಸಿ, "ಕೂಗು" ಅಂದೆ. ಮಗು ನನ್ನ ಹಣೆ ನೋಡಿತು. ಬಾಯಿ ತೆರೆಯಿತು. ಗಂಟಲಿನಿಂದ ಬಂದದ್ದು ಸೈಕಲ್ ಚಕ್ರದ ಗಾಳಿ ಬಿಟ್ಟಷ್ಟು ಸದ್ದು.

"ಏನೇ ಇದು ಹುಚ್ಚು?" ಎಂದು ಅಕ್ಕ ಅಡುಗೆಮನೆಯಿಂದ ಬಂದಳು. ಪಿಸುಮಾತಿನಲ್ಲೂ ಗದರುವ ವಿದ್ಯೆ ಅವಳಿಗೆ ಕರಗತ. "ನಿನಗೆ ಬಂದ್ರೆ ನೋಡಿಕೊಳ್ಳೋಳು ಯಾರು? ನಾನೇ ತಾನೇ? ಈಜು ಬಿಡಿಸು, ಚಿತ್ರ ಬರೆಯೋಕೆ ಹಾಕು. ಅದಕ್ಕೆ ಬಾಯಿ ಬೇಡ."

"ಅಕ್ಕಾ, ನೀನು ಒಳಗೆ ಹೋಗು."

"ಹೋಗ್ತೀನಿ ಬಿಡು. ನಿನ್ನ ಕಣ್ಣು ಆಗಲೇ ಸಣ್ಣಗಾಗಿದೆ. ಬರ್ತಿದೆಯಾ?"

ಈ "ಬರ್ತಿದೆಯಾ" ಇದೆಯಲ್ಲ, ಇದು ಎದ್ದಾಗ ಒಮ್ಮೆ, ಉಣ್ಣುವಾಗ ಒಮ್ಮೆ, ಮಲಗುವಾಗ ಒಮ್ಮೆ, ನಡುವೆ ಲೆಕ್ಕವಿಲ್ಲ. ಕೇಳಿದಾಗಲೆಲ್ಲ ನಾನು ಒಳಗೆ ಇಣುಕಿ ಹುಡುಕುತ್ತೇನೆ: ಕತ್ತು ಬಿಗಿದಿದೆಯಾ, ಕಣ್ಣು ಚುಚ್ಚುತ್ತಿದೆಯಾ. ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ನಾಳೆ ಬಂದೀತು ಎಂದು ಇವತ್ತೇ ಮಲಗಿದ್ದು, ಬಂದೀತು ಎಂದು ಹೋಗದೆ ಬಿಟ್ಟ ಮದುವೆಗಳು, ಬಂದೀತು ಎಂದು ಮಗಳನ್ನು ನಗಬೇಡ ಅಂದದ್ದು, ಇವೆಲ್ಲ ಒಟ್ಟು ಸೇರಿಸಿದರೆ ನೋವು ತಿಂದ ದಿನಗಳು ಏನೇನೂ ಅಲ್ಲ.

ಅಷ್ಟರಲ್ಲಿ ಗಂಡ ಬಂದ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಒಳಗೆ ಬರುವ ಅಭ್ಯಾಸ ಅವನದು. ವಿಷಯ ಹೇಳಿದೆ. ಎಂದೂ ಬಾಯಿಬಿಡದವನು ಅವತ್ತು ಬಿಟ್ಟ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಕೆಲಸ ಮಾಡೋ ಕಡೆ ಹಲ್ಲಿನ ಸೆಟ್ಟು ಉಜ್ಜೋ ಯಂತ್ರ ದಿನವಿಡೀ ಕುಯ್ಯೋ ಅಂತಿರುತ್ತಲ್ಲ. ಅಲ್ಲಿ ನಿನ್ನ ತಲೇನ ಎಲ್ಲಿಡ್ತೀಯ?"

ನಾನು ಹಲ್ಲಿನ ಸೆಟ್ಟು ಮಾಡುವವಳು. ಡಾಕ್ಟರು ಕಳಿಸಿದ ಅಚ್ಚಿನ ಮೇಲೆ ಮೇಣ ಹಾಕಿ, ಒಂದೊಂದೇ ಹಲ್ಲು ಜೋಡಿಸಿ, ಗುಲಾಬಿ ವಸಡು ಕೂರಿಸಿ ಉಜ್ಜಿ ನಯ ಮಾಡುವ ಕೆಲಸ. ಆ ಕೋಣೆಯಲ್ಲಿ ಯಂತ್ರದ ಕಿರುಚಾಟವೂ ಇದೆ, ಮೂಗು ಕೊರೆಯುವ ಘಾಟೂ ಇದೆ. ಅಲ್ಲೂ ನನಗೆ ತಲೆನೋವು ಬರುತ್ತದೆ. ಬಂದರೆ ಮಾತ್ರೆ ನುಂಗಿ, ಸ್ವಲ್ಪ ಹೊತ್ತು ಗೋಡೆಗೆ ಒರಗಿ, ಮತ್ತೆ ಹಲ್ಲು ಜೋಡಿಸುತ್ತೇನೆ. ಅಲ್ಲಿ ಯಾರೂ "ಬರ್ತಿದೆಯಾ" ಅನ್ನುವುದಿಲ್ಲ. ಇದನ್ನೆಲ್ಲ ಗಂಡನಿಗೆ ಹೇಳಬಹುದಿತ್ತು. ಆದರೆ ಅವನ ಮಾತು ನಿಜವಾಗಿತ್ತು, ಅದಕ್ಕೇ ಮೈಯೆಲ್ಲ ಉರಿದುಹೋಯಿತು.

"ಇಷ್ಟು ವರ್ಷ ಈ ಬಾಯಿ ಎಲ್ಲಿ ಅಡವಿಟ್ಟಿದ್ರಿ?" ಅಂದೆ. "ಮಗಳು ಮೂಗಿ ಆಗೋವರೆಗೂ ಕಾಯ್ತಿದ್ರಾ?"

"ಮಾತಾಡೋಕೆ ಬಿಟ್ಟಿದ್ರಾ ನೀವಿಬ್ರೂ?"

"ನಾನೇನ್ ಮಾಡಿದೆ?" ಅಂದಳು ಅಕ್ಕ. "ನೀರು ಕುಡಿಯೋಕೂ ಏಳದ ಹಾಗೆ ನೋಡಿಕೊಂಡೆ, ಈಗ ನಾನೇ ಕೆಟ್ಟವಳು. ಉಪಕಾರ ಮಾಡಿದವರ ತಲೆ ಮೇಲೇ ಗೂಬೆ ಕೂರಿಸಿ!"

ನಾನು ಸ್ಟೂಲು ಹತ್ತಿ ಅಟ್ಟದ ಮೇಲಿಂದ ಒಂದು ಸ್ಟೀಲ್ ತಟ್ಟೆ ಎಳೆದು ನೆಲಕ್ಕೆ ಬಿಸಾಡಿದೆ. ಅದು ಠಣ್ಣೆಂದು ಬಿದ್ದು, ನೆಲದ ಮೇಲೆ ಗಿರಗಿರ ತಿರುಗಿ, ಬಹಳ ಹೊತ್ತು ಸದ್ದು ಮಾಡುತ್ತಲೇ ಇತ್ತು. ನೋಡಿ, ಏನೂ ಆಗುವುದಿಲ್ಲ ಎಂದು ತೋರಿಸಬೇಕಿತ್ತು ನನಗೆ. ತಿರುಗಿ ನೋಡಿದರೆ ಗುಬ್ಬಿ ಮೇಜಿನ ಕೆಳಗೆ ಸೇರಿ ಮೂರು ಬೆರಳು ಎತ್ತಿ ಹಿಡಿದಿದ್ದಾಳೆ. ಬಕೆಟ್ಟು ತರಲೇ ಎಂದು ಕೇಳುತ್ತಿದ್ದಳು.

ಶನಿವಾರದವರೆಗೂ ಮನೆಯಲ್ಲಿ ಯುದ್ಧ. ನಾನು ಕುರ್ಚಿಯ ರಬ್ಬರು ಕಿತ್ತರೆ ಅಕ್ಕ ಮತ್ತೆ ಹಾಕುವಳು. ನಾನು ಗುಬ್ಬಿಯನ್ನು ಮಹಡಿಯ ಮೇಲೆ ನಿಲ್ಲಿಸಿ ಕೂಗಿಸಲು ಹೋದರೆ ಅಕ್ಕ ಮೆಟ್ಟಿಲಲ್ಲಿ ನಿಂತು ಅವಳಿಗೆ ಸನ್ನೆ ಮಾಡುವಳು. ಗಂಡ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ನನಗೂ ಹೌದು, ಅವಳಿಗೂ ಹೌದು. ಮಗಳು ಮಾತ್ರ ದಿನದಿನಕ್ಕೆ ಇನ್ನಷ್ಟು ಸಣ್ಣಗಾದಳು. ಒದ್ದೆಯಿಲ್ಲದ ಈಜುಡುಗೆಯನ್ನು ಚೀಲಕ್ಕೆ ಹಾಕುವುದು, ತೆಗೆಯುವುದು, ಇದೇ ಕೆಲಸ ಅವಳಿಗೆ. ಅವಳ ಅಪ್ಪ ಬಸ್ಸಿಗೆ ಹೋಗುವಾಗ ಕೇಳಿದ್ದಾನೆ: "ಭಯ ಆಗುತ್ತಾ ಮರಿ?" ಅದಕ್ಕೆ ಅವಳು, "ನನಗಲ್ಲ, ಅಮ್ಮನಿಗೆ ಆಗುತ್ತೆ" ಅಂದಳಂತೆ. ಅವನು ಅದನ್ನು ನನಗೆ ಬಂದು ಹೇಳಿದ. ಹೇಳದಿದ್ದರೂ ಆಗುತ್ತಿತ್ತು.

ಶನಿವಾರ ಅಕ್ಕ ಕರೆಯದೆಯೇ ಹೊರಟಳು. ಕೈಚೀಲದಲ್ಲಿ ನನ್ನ ಮಾತ್ರೆ, ಒದ್ದೆ ಬಟ್ಟೆ, ಕಪ್ಪು ಕನ್ನಡಕ, ಪ್ಲಾಸ್ಟಿಕ್ ಚೀಲ. ಯಾರೋ ಸತ್ತ ಮನೆಗೆ ಹೊರಟ ಹಾಗೆ ಮುಖ. ಬೇಡ ಎಂದು ಜಗಳ ಆಡುವಷ್ಟು ಹೊತ್ತು ಇರಲಿಲ್ಲ.

ಈಜುಕೊಳ ಒಂದು ದೊಡ್ಡ ಶೆಡ್ಡಿನೊಳಗೆ. ಮೇಲಿನ ಗಾಜಿನಿಂದ ಬಿಸಿಲು ನೇರ ನೀರಿಗೆ ಬಿದ್ದು, ನೀರಿನಿಂದ ನನ್ನ ಕಣ್ಣಿಗೆ. ಔಷಧಿ ಹಾಕಿದ ನೀರಿನ ವಾಸನೆ. ಮಕ್ಕಳ ಕೂಗೆಲ್ಲ ಗೋಡೆಗೆ ಹೊಡೆದು ಎರಡರಷ್ಟಾಗಿ ವಾಪಸ್ಸು. ನನ್ನ ಶತ್ರು ಯಾರಾದರೂ ನನಗೆಂದೇ ಕಟ್ಟಿಸಿದ್ದರೂ ಇಷ್ಟು ಚೆನ್ನಾಗಿ ಕಟ್ಟಿಸಲಾರರು. ಬೆಂಚಿನ ಮೇಲೆ ಕೂದಲು ಕತ್ತರಿಸುವವಳೂ ಕೂತಿದ್ದಳು, ಪಕ್ಕದಲ್ಲಿ ಅವಳ ಮಗ, ಶಾಲು ಹೊದ್ದುಕೊಂಡು. ಈ ಮೂಗಿ ಸೋಲುವುದನ್ನು ನೋಡಿಯೇ ಹೋಗುತ್ತೇನೆ ಎಂದು ಬಂದಿದ್ದಳು.

ಪೀಪಿ ಟೀಚರ್ ಪೀಪಿ ಊದಿ ಮಕ್ಕಳನ್ನೆಲ್ಲ ನೀರಿನಿಂದ ಮೇಲೆ ಹತ್ತಿಸಿದಳು. ಗುಬ್ಬಿ ಆಚೆ ದಡಕ್ಕೆ ಹೋಗಿ ನಿಂತಳು. ಟೀಚರ್, ನಾನು, ಅಕ್ಕ ಈಚೆ.

"ಹೂಂ, ಕೂಗು!"

ಆಗಲೇ ನನ್ನ ಕಣ್ಣ ಮುಂದೆ ಗೆರೆ ಕುಣಿಯತೊಡಗಿತು. ಮೊದಲು ನೀರಿನ ಹೊಳಪು ಅಂದುಕೊಂಡೆ. ಕಣ್ಣು ಮುಚ್ಚಿದರೂ ಅಲ್ಲೇ ಇತ್ತು. ಬಂದಿತ್ತು, ಈ ಸಲ ನಿಜವಾಗಿಯೂ.

ಗುಬ್ಬಿ ಬಾಯಿ ತೆರೆದಳು. ನನ್ನ ಮುಖ ನೋಡಿದಳು. ಬಾಯಿ ಮುಚ್ಚಿದಳು. ಅಷ್ಟು ದೂರದಿಂದ ನನ್ನ ಹಣೆಯ ಒಂದು ಗೆರೆಯನ್ನು ಓದುವ ಮಗು ಅದು. ಹಾಗೆ ಬೆಳೆಸಿದ್ದೆವು.

"ಇನ್ನೊಂದ್ಸಲ," ಅಂದಳು ಟೀಚರ್.

ಮತ್ತೆ ಬಾಯಿ ತೆರೆಯಿತು, ಮತ್ತೆ ಮುಚ್ಚಿತು. ಬೆಂಚಿನ ಕಡೆಯಿಂದ "ಹೇಳಿರಲಿಲ್ವಾ ನಾನು" ಎಂಬ ಮಾತು ಬಂತು. ಪಕ್ಕಕ್ಕೆ ನೋಡಿದೆ. ಅಕ್ಕ ಎದೆಯ ಹತ್ತಿರ ಕೈ ಹಿಡಿದು, ಆಚೆ ದಡಕ್ಕೆ ಎರಡು ಬೆರಳು ತೋರಿಸುತ್ತಿದ್ದಳು.

ಆ ಕೈಯನ್ನು ಹೊಡೆದು ಕೆಳಗೆ ಹಾಕಿದೆ. ಚಟೀರ್ ಅಂತು.

"ನನ್ನ ಮೇಲೆ ಕೈ ಮಾಡ್ತೀಯಾ?" ಅಕ್ಕನ ಕಣ್ಣು ತುಂಬಿತು. "ನಿನಗೋಸ್ಕರ ಕಣೇ! ನಿನಗೆ ಬಂದಿದೆ, ನನಗೆ ಕಾಣಲ್ವಾ? ನಡಿ ಮನೆಗೆ."

"ಬಂದಿದೆ! ಹೌದು, ಬಂದಿದೆ!" ನಾನು ಕಿರುಚಿದೆ. ನನ್ನ ಕಿರುಚಾಟ ನನ್ನ ತಲೆಯೊಳಗೇ ಬಿದ್ದು ಒಡೆಯಿತು. ಆಮೇಲೆ ನೀರಿನ ಕಡೆ ತಿರುಗಿದೆ. "ಏಯ್ ಗುಬ್ಬಿ! ನನಗೆ ತಲೆನೋವು ಬಂದಿದೆ! ನೀನು ಕೂಗಿದ್ರೂ ಇರುತ್ತೆ, ಕೂಗದಿದ್ರೂ ಇರುತ್ತೆ! ನಿನ್ನಿಂದ ಬಂದದ್ದಲ್ಲ ಇದು, ನೀನು ಸುಮ್ನಿದ್ರೆ ಹೋಗೋದೂ ಅಲ್ಲ! ಕೂಗೇ!"

ಅವಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ತಲೆ ಅಲ್ಲಾಡಿಸಿದಳು.

"ಕಿವಿ ಬಿಡು! ಕೂಗು ಅಂದ್ರೆ ಕೂಗು! ಎಷ್ಟು ದಿನ ಇಲಿ ಮರಿ ಹಾಗೆ ಇರ್ತೀಯ? ಆ ಹುಡುಗ ಸಾಯ್ತಿದ್ದ, ಗೊತ್ತಾ? ನಿನ್ನ ಬಾಯಿಗೇನು ಬೀಗ ಹಾಕಿದೆಯಾ?"

ಕೆಟ್ಟ ಮಾತು. ಹತ್ತು ವರ್ಷದ ಮಗುವಿಗೆ ಎಲ್ಲರೆದುರು ಹೇಳುವ ಮಾತಲ್ಲ. ಟೀಚರ್ ನನ್ನ ತೋಳು ಹಿಡಿದು "ಸಾಕು ಬಿಡಿ" ಅಂದಳು. ಅಷ್ಟರಲ್ಲಿ ಆಚೆ ದಡದಲ್ಲಿ ಗುಬ್ಬಿಯ ಮುಖ ಕೆಂಪಗಾಯಿತು. ಕೈ ಕಿವಿಯಿಂದ ಇಳಿದು ಮುಷ್ಟಿಯಾಯಿತು. ಆಮೇಲೆ ಬಂತು ನೋಡಿ ಸ್ವರ.

"ನೀನೇ ಹಾಕಿದ್ದು! ನೀನು, ದೊಡ್ಡಮ್ಮ, ಇಬ್ರೂ ಹಾಕಿದ್ದು! ಯಾವಾಗ್ಲೂ ನಿನ್ನ ತಲೆ, ನಿನ್ನ ತಲೆ, ನಿನ್ನ ತಲೆ! ನನಗೆ ಸಾಕಾಗಿದೆ! ನೀನು ಇಲ್ದೇ ಇದ್ರೇನೇ ಚೆನ್ನಾಗಿರುತ್ತೆ!"

ಅವಳ ಸ್ವರ ಹಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಒಡಕು, ದಪ್ಪ, ನನ್ನ ಅಮ್ಮನದರ ಹಾಗೆ. ಗೋಡೆ ಅದನ್ನು ಹಿಡಿದು ಇನ್ನೊಮ್ಮೆ ಹೇಳಿತು: ಚೆನ್ನಾಗಿರುತ್ತೆ, ಚೆನ್ನಾಗಿರುತ್ತೆ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

"ಕೇಳಿಸ್ತು," ಅಂದಳು ಪೀಪಿ ಟೀಚರ್. ಗಂಟಲು ಸರಿಮಾಡಿಕೊಂಡು ಮತ್ತೆ ಜೋರಾಗಿ ಹೇಳಿದಳು: "ಕೇಳಿಸ್ತು! ನೀರಿಗಿಳಿ!"

ಗುಬ್ಬಿ ಹಾರಿದಳು. ಅವಳು ನೀರಿಗೆ ಬಿದ್ದ ಸದ್ದಿಗೆ ನಾನು ಗೋಡೆ ಪಕ್ಕದ ಮೋರಿಗೆ ಬಗ್ಗಿ ವಾಂತಿ ಮಾಡಿದೆ. ಅಕ್ಕ ಒದ್ದೆ ಬಟ್ಟೆ ಹಿಡಿದು ಬಂದಳು. ಬೇಡ ಅಂದೆ. ಬಟ್ಟೆಯನ್ನು ಬೆಂಚಿನ ಮೇಲಿಟ್ಟು ಅವಳು ಆ ಕೊನೆಗೆ ಹೋಗಿ ಕೂತಳು, ನನ್ನ ಕಡೆ ಬೆನ್ನು ಹಾಕಿ. ಅವತ್ತಿನಿಂದ ಅವಳು ನನ್ನೊಂದಿಗೆ ಸರಿಯಾಗಿ ಮಾತಾಡಿಲ್ಲ, ನಾನೂ ಕರೆದು ಮಾತಾಡಿಸಿಲ್ಲ. ಕೂದಲು ಕತ್ತರಿಸುವವಳು ಎದ್ದು ಮಗನ ಕೈ ಹಿಡಿದುಕೊಂಡು ಹೊರಟಳು. ನನ್ನನ್ನು ದಾಟಿ ಹೋಗುವಾಗ ನಿಂತು, "ಬಾಯಿ ಇದೆ ಹಾಗಾದ್ರೆ," ಅಂದಳು. ಕ್ಷಮಿಸುವ ಧಾಟಿ ಏನೂ ಇರಲಿಲ್ಲ ಅದರಲ್ಲಿ.

ಮಾತ್ರೆ ನುಂಗಿ, ಕಣ್ಣು ಮುಚ್ಚಿ, ಗೋಡೆಗೆ ತಲೆಕೊಟ್ಟು ಕೂತೆ. ಮೊಳೆ ಹೊಡೆಯುವವನು ಒಳಗೆ ಹೊಡೆಯುತ್ತಲೇ ಇದ್ದ, ಅವನದು ನನಗೆ ಹಳೆಯ ಪರಿಚಯ. ಆ ಇನ್ನೊಂದು ಮಾತು ಹೊಸದು. ನೀನು ಇಲ್ಲದೇ ಇದ್ದರೇನೇ ಚೆನ್ನಾಗಿರುತ್ತೆ. ಅದಕ್ಕೆ ಯಾವ ಅಂಗಡಿಯಲ್ಲೂ ಮಾತ್ರೆ ಸಿಗುವುದಿಲ್ಲ. ಎದ್ದು ಹೋಗಿಬಿಡೋಣ ಅನ್ನಿಸಿತು. ಆದರೆ ಟೀಚರ್ ಪೀಪಿ ಊದುವವರೆಗೂ ಅಲ್ಲೇ ಕೂತಿದ್ದೆ.

ಆಮೇಲೆ ನನ್ನ ಮೊಣಕಾಲ ಮೇಲೆ ತಣ್ಣನೆ ಹನಿ ಬಿತ್ತು. ಕಣ್ಣು ಬಿಟ್ಟರೆ ಗುಬ್ಬಿ. ಮೈಯೆಲ್ಲ ನೀರು ಸೋರುತ್ತಿದೆ, ತುಟಿ ನೀಲಿ. ನನ್ನ ಹಣೆ ನೋಡಿದಳು. ಏನೋ ಪಿಸುಗುಟ್ಟಿದಳು. ತಪ್ಪಾಯ್ತು ಅನ್ನುತ್ತಿರಬೇಕು, ಇನ್ನೇನು ಅಂದಾಳು ಅಂದುಕೊಂಡೆ. ಪಿಸುಮಾತಿಗೆ ಕಿವಿ ಕೊಡುವ ಕೆಲಸ ನನಗೆ ಸಾಕಾಗಿತ್ತು.

"ಜೋರಾಗಿ ಹೇಳು," ಅಂದೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಉಸಿರು ಎಳೆದುಕೊಂಡಳು.

"ನಾನು ನಿಜಾನೇ ಹೇಳಿದ್ದು ಅಂದೆ!"

ಆಚೆ ದಡದವರೂ ತಿರುಗಿ ನೋಡಿದರು.

"ಗೊತ್ತು ಕಣೇ," ಅಂದೆ. "ಹೋಗು, ಮೈ ಒರೆಸ್ಕೋ."